ಪೋರೂರಿನ ಮನೆಗೆ ಓನರು ನಾನೇ

ನಾನು ಸ್ವಂತ ಮನೆಯವನು! ಚೆನ್ನೈನ ಪೋರೂರಿನಲ್ಲಿ ಎರಡನೇ ಮಹಡಿ, ಎರಡು ಬೆಡ್‌ರೂಮು. ವಾಸ ಮಾತ್ರ ತ್ರಿಪ್ಲಿಕೇನಿನ ಲಾಡ್ಜಿನ ಒಂದು ರೂಮಿನಲ್ಲಿ, ಊಟ ಎದುರಿನ ಮೆಸ್ಸಿನಲ್ಲಿ. ನಗಬೇಡಿ. ಮದುವೆ ನಿಶ್ಚಯವಾದ ವರ್ಷ ಆ ಫ್ಲ್ಯಾಟು ಕೊಂಡೆ. ಮದುವೆ ಮುರಿಯಿತು, ಫ್ಲ್ಯಾಟು ಉಳಿಯಿತು. ಒಬ್ಬನೇ ಅಲ್ಲೇನು ಮಾಡಲಿ ಎಂದು ಬಾಡಿಗೆಗೆ ಬಿಟ್ಟೆ.

ಸಕಲ ಉಸ್ತುವಾರಿಯೂ ಏಜೆಂಟ್ ಷಣ್ಮುಗಂ ಅವರದು. "ಫ್ಯಾಮಿಲಿಗೆ ಮಾತ್ರ ಕೊಡೋಣ ಸಾರ್. ಬ್ಯಾಚಲರ್ಸ್ ಬೇಡವೇ ಬೇಡ, ಅವರನ್ನ ನಂಬೋಕಾಗಲ್ಲ" ಎಂದು ಮೊದಲ ದಿನವೇ ಷರತ್ತು ಬರೆದಿದ್ದರು. ನಲವತ್ತು ದಾಟಿದ ಬ್ಯಾಚಲರನಾದ ನಾನು ಗಂಭೀರವಾಗಿ ತಲೆಯಾಡಿಸಿ ಸಹಿ ಹಾಕಿದ್ದೆ!

ಒಂದು ದಿನ ಅವರಿಂದ ರಿಜಿಸ್ಟರ್ಡ್ ಪತ್ರ ಬಂತು. ಇನ್ನು ಮುಂದೆ ಸೈಟು ಮಾರುವ ಕೆಲಸ ಮಾತ್ರವಂತೆ, ಈ ತಿಂಗಳಿಗೆ ನಮ್ಮ ಒಪ್ಪಂದ ಮುಕ್ತಾಯವಂತೆ. ಆರು ವರ್ಷದ ಸಂಬಂಧ ಆರು ಸಾಲಿನಲ್ಲಿ ಮುಗಿಯಿತು. ಹೋದರೆ ಹೋಗಲಿ, ಒಂದು ಮನೆ ನೋಡಿಕೊಳ್ಳುವುದೇನು ಬ್ರಹ್ಮವಿದ್ಯೆಯೇ?

ವಾರದೊಳಗೆ ನನ್ನ ಆಫೀಸಿಗೆ ಫೋನು. ಬಾಡಿಗೆಗಿದ್ದ ಮಂಡ್ಯದ ಮಂಜುನಾಥನ ಹೆಂಡತಿ ಸುಧಾ. "ಅಂಕಲ್, ಅಡಿಗೆಮನೆ ನಲ್ಲಿ ಸೋರ್ತಿದೆ. ಒಬ್ಬ ಪ್ಲಂಬರ್ ಕಳಿಸ್ತೀರಾ?"

ಪ್ಲಂಬರ್ ಯಾಕೆ? ಭಾನುವಾರ ಹೊಸ ಸ್ಪ್ಯಾನರ್ ಹಿಡಿದು ನಾನೇ ಹೋದೆ. ಮೇಲಿನ ವಾಲ್ವು ಮುಚ್ಚದೆ ನಲ್ಲಿ ಬಿಚ್ಚಿದೆ. ನೀರು ನೇರ ನನ್ನ ಮುಖಕ್ಕೆ ಹಾರಿತು! ಕನ್ನಡಕ ಎಲ್ಲೋ, ನಲ್ಲಿ ಎಲ್ಲೋ. ಮಂಜುನಾಥ ತಾರಸಿಗೆ ಓಡಿ ವಾಲ್ವು ಮುಚ್ಚಿದ, ಆಮೇಲೆ ನಲ್ಲಿಯನ್ನೂ ಅವನೇ ಕೂರಿಸಿದ.

"ಅಯ್ಯೋ, ಪೂರ್ತಿ ನೆಂದೋದ್ರಲ್ಲ ಅಂಕಲ್! ಈ ಪಂಚೆ ಉಟ್ಕೊಳಿ, ಊಟ ಮಾಡ್ಕಂಡೇ ಹೋಗಿ" ಎಂದಳು ಸುಧಾ. ಬಿಸಿ ಮುದ್ದೆ, ಬಸ್ಸಾರು! ಮೆಸ್ಸಿನ ಊಟಕ್ಕೆ ಬಿದ್ದ ಮೇಲೆ ಮುದ್ದೆಯ ಮುಖ ನೋಡಿರಲಿಲ್ಲ. ಎರಡು ನುಂಗಿದೆ. "ಇನ್ನೊಂಚೂರು ಸಾರು?" ಎಂದು ಯಾರಾದರೂ ನನ್ನನ್ನು ಕೇಳಿ ಎಷ್ಟು ಕಾಲವಾಗಿತ್ತೋ!

ಮುಂದಿನ ಭಾನುವಾರ ಪಂಚೆ ಹಿಂದಿರುಗಿಸಲು ಹೋದೆ. ಅದರ ಮುಂದಿನ ವಾರ ನಲ್ಲಿಯ ಆರೋಗ್ಯ ವಿಚಾರಿಸಲು. ಆಮೇಲೆ ಸ್ವಿಚ್ಚುಗಳ ತಪಾಸಣೆ, ಕಿಟಕಿಗಳ ತಪಾಸಣೆ. ಎಲ್ಲ ತಪಾಸಣೆಯೂ ಸರಿಯಾಗಿ ಊಟದ ಹೊತ್ತಿಗೆ! ಅವರ ಐದು ವರ್ಷದ ಮಗಳು ಬಾಗಿಲು ತೆರೆದು, "ಅಮ್ಮಾ, ಟ್ಯಾಪ್ ಅಂಕಲ್ ತಿರುಂಬಿ ವಂದುಟ್ಟಾರು!" ಎಂದು ಕೂಗುತ್ತಿದ್ದಳು. ಮತ್ತೆ ಬಂದರು ಎಂಬ ಆ ತಮಿಳು ನನಗೆ ಸ್ವಾಗತದಂತೆಯೇ ಕೇಳಿಸುತ್ತಿತ್ತು.

ಆರನೇ ಭಾನುವಾರ ಬೆಲ್ಲು ಒತ್ತಿದಾಗ ಒಳಗಿನ ಟಿವಿ ಸದ್ದು ಥಟ್ಟನೆ ನಿಂತಿತು. ಬಹಳ ಹೊತ್ತಿನ ಮೇಲೆ ಮಂಜುನಾಥ ಹೊರಬಂದ.

"ತಪ್ಪು ತಿಳ್ಕೋಬೇಡಿ ಸಾರ್. ಮುಂದಿನ ತಿಂಗಳು ಮನೆ ಖಾಲಿ ಮಾಡ್ತೀವಿ."

"ಯಾಕಪ್ಪಾ, ನಲ್ಲಿ ಮತ್ತೆ ಸೋರ್ತಿದೆಯಾ?"

"ನಲ್ಲಿ ಚೆನ್ನಾಗೇ ಇದೆ ಸಾರ್. ಏಜೆಂಟ್ರು ವರ್ಷಕ್ಕೊಂದ್ಸಲ ಬರ್ತಿದ್ರು. ನಮಗೆ ಇರೋದೇ ಒಂದು ಭಾನುವಾರ..."

ಅರ್ಥವಾಯಿತು. ಬಾಗಿಲಿನಿಂದಲೇ ಹಿಂತಿರುಗಿದೆ. ಬಸ್ಸಿನಲ್ಲಿ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಅವರು ಹೋದ ಮೇಲೆ ಏಜೆಂಟರ ಹಳೆಯ ಷರತ್ತನ್ನೇ ನಕಲು ಮಾಡಿ ಗೇಟಿಗೆ ಬೋರ್ಡು ತೂಗುಹಾಕಿದೆ. 'ಎರಡನೇ ಮಹಡಿ ಬಾಡಿಗೆಗಿದೆ. ಫ್ಯಾಮಿಲಿಗೆ ಮಾತ್ರ.' ಎರಡು ತಿಂಗಳು ಯಾರೂ ಬರಲಿಲ್ಲ. ಆಗ ಹೊಳೆಯಿತು, ನಾನೇ ಯಾಕೆ ಅಲ್ಲಿರಬಾರದು? ಮುದ್ದೆ ತಿರುವುವುದನ್ನು ಕಲಿತರಾಯಿತು! ಒಂದು ಪಾತ್ರೆ, ಒಂದು ಕೋಲು, ಎರಡು ಕಿಲೋ ರಾಗಿ ಹಿಟ್ಟು ಚೀಲಕ್ಕೆ ತುಂಬಿಕೊಂಡು ಭಾನುವಾರ ಹೊರಟೆ.

ಗೇಟಿನಲ್ಲಿ ಹೊಸ ವಾಚ್‌ಮನ್ ತಡೆದು ಎಲ್ಲಿಗೆಂದು ಕೇಳಿದ. "ಎಂಗೆ ಸಾರ್?"

"ಎರಡನೇ ಮಹಡಿ. ಖಾಲಿ ಇದೆಯಲ್ಲ, ಆ ಮನೆಗೆ" ಎಂದೆ ನನ್ನ ಹರಕು ತಮಿಳಿನಲ್ಲಿ.

"ಫ್ಯಾಮಿಲಿಯಾ?"

"ಇಲ್ಲಪ್ಪ. ನಾನೊಬ್ಬನೇ."

ಅವನು ಬೋರ್ಡಿನತ್ತ ಬೆರಳು ತೋರಿಸಿ, ಆಗುವುದಿಲ್ಲವೆಂದು ಕೈಯಾಡಿಸಿದ. "ಬ್ಯಾಚಲರಾ? ಕೆಡೆಯಾದು ಸಾರ್. ಓನರ್ ರೊಂಬ ಸ್ಟ್ರಿಕ್ಟು!"

ಮನೆಯ ಕೀಲಿಕೈ ನನ್ನ ಜೇಬಿನಲ್ಲೇ ಇತ್ತು. ಓನರು ನಾನೇ ಎಂದು ಹೇಳಬಹುದಿತ್ತು. ಹೇಳಿ, ಬಾಗಿಲು ತೆಗೆದು, ಮುದ್ದೆ ಮಾಡಿಕೊಂಡು, ಇನ್ನೊಂಚೂರು ಸಾರು ಬೇಕೇ ಎಂದು ಯಾರನ್ನು ಕೇಳಲಿ?

"ಓನರು ಹೇಳಿದ ಮೇಲೆ ಮುಗೀತಪ್ಪ" ಎಂದು ಹಿಟ್ಟಿನ ಚೀಲ ಹೊತ್ತು ತ್ರಿಪ್ಲಿಕೇನಿನ ಬಸ್ಸು ಹತ್ತಿದೆ. ಮೆಸ್ಸಿನಲ್ಲಿ ಅಷ್ಟು ಹೊತ್ತಿಗೆ ಸಾರು ಮುಗಿದಿತ್ತು.