ಟೈಲರು ಮಗಳನ್ನು ಒಂದಿಂಚು ಬೆಳೆಸಿದ್ದು

"ಇಪ್ಪತ್ತೆಂಟು ವರ್ಷದಿಂದ ಊರಿನ ಸೊಂಟಗಳನ್ನೆಲ್ಲ ನೋಡ್ಕೊಂಡು ಬಂದಿದೀನಿ. ನನ್ನ ಮಗಳ ಸೊಂಟಕ್ಕೆ ಎರಡಿಂಚು ಸೇರಿಸೋದು ನನಗೊಂದು ಕೆಲಸವೇ ಡಾಕ್ಟರಮ್ಮ?" ಎಂದು ಟೈಲರು ಮೇಜು ಗುದ್ದಿದರು. ಗುದ್ದಿದ ರಭಸಕ್ಕೆ, ರೋಗಿಗಳಿಗೆ ತೋರಿಸಲೆಂದು ಅಲ್ಲಿಟ್ಟಿದ್ದ ಪ್ಲಾಸ್ಟಿಕ್ಕಿನ ಮೂತ್ರಪಿಂಡ ಉರುಳಿ ಅವರ ಮಡಿಲಿಗೇ ಬಿತ್ತು.

ಡಾಕ್ಟರಮ್ಮ ಮೂತ್ರಪಿಂಡವನ್ನು ವಾಪಸು ಇಸಿದುಕೊಂಡು, ತಾವು ಕೇಳಿದ್ದು ಇಂಚನ್ನಲ್ಲ, ಕೆಜಿಯನ್ನು ಎಂದರು. ಹುಡುಗಿಗೆ ಹದಿನಾರು ವರ್ಷ, ತೂಕ ನಲವತ್ಮೂರು. ನಲವತ್ತೈದಾದರೂ ಆಗುವವರೆಗೆ ಶಾಲೆಯವರ ಬೆಟ್ಟದ ಶಿಬಿರಕ್ಕೆ ತಾವು ಸಹಿ ಹಾಕುವುದಿಲ್ಲ. ಶಿಬಿರಕ್ಕೆ ಇನ್ನೂ ಹತ್ತು ವಾರವಿದೆ, ಆರು ವಾರ ಬಿಟ್ಟು ಬನ್ನಿ, ಬರುವಾಗ ಸಕ್ಕರೆ ನೋಡುವ ಮೀಟರನ್ನು ಈ ಸಲದ ಹಾಗೆ ಮನೆಯಲ್ಲಿ ಮರೆತು ಬರಬೇಡಿ ಎಂದು ಹೇಳಿ, ಮಗಳ ಕಡೆ ತಿರುಗಿದರು.

"ಇನ್ಸುಲಿನ್ ಸರಿಯಾಗಿ ತಗೋತಿದೀಯೇನಮ್ಮ?"

ಮಗಳು ಬಾಯಿ ತೆರೆಯುವಷ್ಟರಲ್ಲಿ ಟೈಲರೇ ಉತ್ತರ ಕೊಟ್ಟರು. "ಒಂದು ಹೊತ್ತೂ ತಪ್ಪಿಸಿಲ್ಲ." ಅದು ನಿಜವೂ ಆಗಿತ್ತು.

ಮಗಳನ್ನು ಮನೆಯಲ್ಲಿ ಗುಂಡಿ ಎಂದು ಕರೆಯುತ್ತಿದ್ದರು. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದಳೆಂದು ಅಪ್ಪನೇ ಇಟ್ಟ ಹೆಸರು. ಹನ್ನೊಂದನೆಯ ವರ್ಷದಲ್ಲಿ ಅವಳಿಗೆ ಟೈಪ್ ಒನ್ ಡಯಾಬಿಟಿಸ್ ಬಂತು. ದೇಹ ತಾನು ತಯಾರಿಸಬೇಕಾದ ಇನ್ಸುಲಿನ್ನನ್ನು ತಯಾರಿಸದೆ ಕೈಚೆಲ್ಲಿ ಕೂತಿತು. ಅಂದಿನಿಂದ ತಟ್ಟೆಯಲ್ಲಿ ಏನೇನಿದೆ ಎಂದು ಲೆಕ್ಕ ಹಾಕಿ, ಅಷ್ಟಕ್ಕೆ ತಕ್ಕ ಯೂನಿಟ್ಟು ಚುಚ್ಚಿಕೊಂಡೇ ಅವಳು ಉಣ್ಣಬೇಕು. ಜೀವಮಾನವಿಡೀ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಬದುಕಿದ ಟೈಲರು, ಮಗಳು ಸೂಜಿ ಎತ್ತಿದರೆ ಮಾತ್ರ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಐದು ವರ್ಷದಲ್ಲಿ ಅವಳು ಒಂದು ರಾತ್ರಿಯೂ ಬೇರೆಯವರ ಮನೆಯಲ್ಲಿ ಮಲಗಿದವಳಲ್ಲ. ಶಿಬಿರವೆಂದರೆ ಒಂಬತ್ತು ದಿನ, ಬೆಟ್ಟ, ಗುಡಾರ, ಗೆಳತಿಯರು. ಸಹಿಯಿಲ್ಲದ ಆ ಫಾರಂ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ನೀರು ಕುಡಿಯಲು ಹೋದಾಗಲೆಲ್ಲ ಅವಳು ಅದನ್ನು ಒಮ್ಮೆ ಓದುತ್ತಿದ್ದಳು.

ಟೈಲರು ಮನೆಗೆ ಬಂದವರೇ ಯುದ್ಧ ಸಾರಿದರು. ಹಾಲು, ಮೊಟ್ಟೆ, ಬಾಳೆಹಣ್ಣು, ಬೆಣ್ಣೆ, ಕಡಲೆಕಾಯಿ, ಆಲೂಗಡ್ಡೆ ಒಂದರ ಹಿಂದೊಂದು ದಂಡಿನ ಹಾಗೆ ಅಡುಗೆಮನೆಗೆ ಬಂದು ಬೀಡುಬಿಟ್ಟವು. ಟೈಲರ ಹೆಂಡತಿ ಬಸ್ಸಿನ ಕಂಡಕ್ಟರು. ಮಧ್ಯಾಹ್ನ ಡ್ಯೂಟಿಗೆ ಹೋದರೆ ಬರುವುದು ಮಗಳ ಊಟವೆಲ್ಲ ಮುಗಿದ ಮೇಲೆ. ಹಾಗಾಗಿ ಸಂಜೆಯ ತಿಂಡಿಯಿಂದ ಹಿಡಿದು ರಾತ್ರಿಯ ಊಟದವರೆಗೆ ಮಗಳ ಹೊಟ್ಟೆ ಪೂರ್ತಿ ಟೈಲರ ಆಡಳಿತಕ್ಕೆ ಸೇರಿತ್ತು. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಎರಡು ಬಾಳೆಹಣ್ಣು. ಅವಳು ಇನ್ಸುಲಿನ್ ಪೆನ್ನಿಗೆ ಕೈ ಹಾಕಿದರೆ, "ಇಷ್ಟಕ್ಕೆಲ್ಲಾ ಸೂಜಿ ಯಾಕೆ, ತಿನ್ನು" ಎನ್ನುವರು. ರಾತ್ರಿ ಊಟಕ್ಕೆ ಎಂಟು ಯೂನಿಟ್ಟು ಎಂದು ಅವಳು ಲೆಕ್ಕ ಹಾಕಿದರೆ, ಬಾಗಿಲಲ್ಲಿ ನಿಂತು, "ಆರು ಹಾಕು ಮಗಳೇ, ಸಾಕು" ಎನ್ನುವರು.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಒಂದು ಸಂಜೆ ಅಂಗಡಿಯಲ್ಲಿ ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆ ಇಳಿದು ಗುಂಡಿ ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದಿದ್ದಳು. ಅವಳ ಬಾಯಿಗೆ ಸಕ್ಕರೆ ನೀರು ಹಾಕಿದ್ದು ಟೈಲರೇ. ಎರಡು ನಿಮಿಷದಲ್ಲಿ ಅವಳು ಎದ್ದು ಕೂತಳು. ಟೈಲರು ಮಾತ್ರ ಆವತ್ತಿನಿಂದ ಎದ್ದಿರಲಿಲ್ಲ. ಅವಳು ಊಟಕ್ಕೆ ಕೂತರೆ ಅವರು ಸಕ್ಕರೆ ಡಬ್ಬ ಹಿಡಿದು ಬಾಗಿಲಲ್ಲಿ ನಿಲ್ಲುವರು.

ತೂಕದ ಯಂತ್ರವನ್ನು ಟೈಲರು ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಯಂತ್ರ ಸುಳ್ಳು ಹೇಳುತ್ತದೆ, ಟೇಪು ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಪ್ರತಿ ಭಾನುವಾರ ಬೆಳಿಗ್ಗೆ ಗುಂಡಿ ಕನ್ನಡಿಯ ಮುಂದೆ ಕೈ ಎತ್ತಿ ನಿಲ್ಲಬೇಕು, ಟೈಲರು ಕೊರಳಿನ ಟೇಪು ಇಳಿಸಿ ಸೊಂಟ ಅಳೆಯಬೇಕು. ಮೊದಲ ಭಾನುವಾರ ಇಪ್ಪತ್ತನಾಲ್ಕು. ಎರಡನೆಯ ಭಾನುವಾರವೂ ಇಪ್ಪತ್ತನಾಲ್ಕು. ಮೊಟ್ಟೆ ಎರಡಿದ್ದದ್ದು ನಾಲ್ಕಾಯಿತು. ಮೂರನೆಯ ಭಾನುವಾರವೂ ಇಪ್ಪತ್ತನಾಲ್ಕೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

"ಇಷ್ಟು ಜನ ಹತ್ತಿದ್ರೂ ಬಸ್ಸು ಖಾಲಿ ಅಂದ್ರೆ, ಹಿಂದಿನ ಬಾಗಿಲು ತೆರೆದಿದೆ ಅಂತ ಅರ್ಥ ಕಣ್ರೀ" ಎಂದು ಹೆಂಡತಿ ಟಿಕೆಟ್ಟಿನ ಚೀಲ ಹೆಗಲಿಗೇರಿಸುತ್ತಾ ಹೇಳಿದಳು.

"ನಿನಗೆ ಎಲ್ಲಾ ಬಸ್ಸೇ ಕಾಣುತ್ತೆ" ಎಂದು ಟೈಲರು ನಕ್ಕು, ಮೊಟ್ಟೆಯನ್ನು ಆರಕ್ಕೇರಿಸಿದರು.

ಗುಂಡಿ ಆ ಮಧ್ಯಾಹ್ನ ತಟ್ಟೆಯಲ್ಲಿದ್ದ ಆರು ಮೊಟ್ಟೆಗಳನ್ನು ನೋಡಿದಳು, ಮೊಟ್ಟೆಗಳು ಅವಳನ್ನು ನೋಡಿದವು. ಅಪ್ಪ ಟೇಪನ್ನು ಮೇಜಿನ ಮೇಲೆ ಬಿಟ್ಟು ಗಿರಾಕಿಯೊಬ್ಬರಿಗೆ ಬಾಗಿಲು ತೆಗೆಯಲು ಹೋದಾಗ ಅವಳು ಟೇಪನ್ನು ಎತ್ತಿಕೊಂಡು, ತುದಿಯ ಹಿತ್ತಾಳೆ ಪಟ್ಟಿಯನ್ನು ಇಕ್ಕಳದಿಂದ ಬಿಚ್ಚಿ, ಸರಿಯಾಗಿ ಒಂದು ಇಂಚು ಕತ್ತರಿಸಿ, ಪಟ್ಟಿಯನ್ನು ಮತ್ತೆ ಒತ್ತಿ ಕೂರಿಸಿದಳು. ಟೈಲರ ಮಗಳಲ್ಲವೇ, ಕೆಲಸ ಅಚ್ಚುಕಟ್ಟಾಗಿತ್ತು. ಅಳೆಯುವಾಗ ಟೈಲರಾದವನ ಕಣ್ಣು ಬೆರಳು ನಿಂತ ಜಾಗ ನೋಡುತ್ತದೆಯೇ ಹೊರತು ಟೇಪಿನ ತುದಿ ನೋಡುವುದಿಲ್ಲ. ಸೊಂಟ ಬೆಳೆದಂತೆ ಕಂಡರೆ ಅಪ್ಪ ಮೊಟ್ಟೆ ನಿಲ್ಲಿಸುತ್ತಾನೆ ಎಂಬುದು ಅವಳ ಲೆಕ್ಕ.

ಲೆಕ್ಕ ತಲೆಕೆಳಗಾಯಿತು. ಮುಂದಿನ ಭಾನುವಾರ ಸೊಂಟ ಇಪ್ಪತ್ತೈದು! ಟೈಲರು ಟೇಪನ್ನು ಕಣ್ಣಿಗೊತ್ತಿಕೊಂಡರು. ಮದ್ದು ಹಿಡಿಯಿತು ಎಂದ ಮೇಲೆ ಮದ್ದು ಹೆಚ್ಚಿಸದೆ ಬಿಡುವುದುಂಟೇ? ಆರಕ್ಕೆ ಇನ್ನೆರಡು ಸೇರಿತು, ಬೆಣ್ಣೆ ದಪ್ಪವಾಯಿತು, ಹಾಲಿಗೆ ದೊಡ್ಡ ಲೋಟ ಬಂತು. ಗುಂಡಿ ಅರ್ಧ ತಿಂದು ಸರಿಸಿದ್ದನ್ನು ಅನ್ನ ಚೆಲ್ಲಬಾರದೆಂಬ ಧರ್ಮಬುದ್ಧಿಯಿಂದ ಟೈಲರೇ ಮುಗಿಸುತ್ತಿದ್ದರು. ಹೀಗೆ ದಿನಕ್ಕೆ ನಾಲ್ಕು ಮೊಟ್ಟೆ ಯಾರ ಲೆಕ್ಕಕ್ಕೂ ಬಾರದೆ ಅವರ ಒಳಗೆ ಹೋಗಿ ಕೂರುತ್ತಿದ್ದವು.

ಅದೇ ಹೊತ್ತಿಗೆ ಬೀದಿಯಲ್ಲೊಂದು ವಿಚಿತ್ರ ಶುರುವಾಯಿತು. ಟೈಲರು ಇದೇ ಟೇಪಿನಲ್ಲಿ ಗಿರಾಕಿಗಳ ಅಳತೆ ತೆಗೆದು, ಮೇಜಿನ ಮೇಲಿನ ಮರದ ಸ್ಕೇಲಿನಿಂದ ಬಟ್ಟೆಗೆ ಗುರುತು ಹಾಕಿ ಕತ್ತರಿಸುತ್ತಿದ್ದರು. ಮೊದಲು ಬಂದವರು ಬ್ಯಾಂಕಿನ ಗುಮಾಸ್ತರು. ಹೊಸ ಪ್ಯಾಂಟು ಸಡಿಲ ಎಂದರು. ಟೈಲರು ಅವರನ್ನು ಅಡಿಯಿಂದ ಮುಡಿಯವರೆಗೆ ಕರುಣೆಯಿಂದ ನೋಡಿದರು.

"ಪ್ಯಾಂಟು ಸರಿಯಾಗಿದೆ ಸಾರ್. ನೀವೇ ಇಳಿದು ಹೋಗಿದೀರಿ."

ಗುಮಾಸ್ತರ ಮುಖ ಬಿಳಿಚಿತು. ಆಮೇಲೆ ಔಷಧಿ ಅಂಗಡಿಯವರು ಬಂದರು, ಶಾಲೆಯ ಡ್ರಿಲ್ ಮಾಸ್ತರರು ಬಂದರು. ಎಲ್ಲರಿಗೂ ಟೈಲರು ಒಂದೇ ರೋಗ ಹೇಳಿ, ಒಂದೇ ಮದ್ದು ಬರೆದರು: ದಿನಕ್ಕೆ ನಾಲ್ಕು ಮೊಟ್ಟೆ, ಎರಡು ಬಾಳೆಹಣ್ಣು. ತಮ್ಮ ಮಗಳೊಬ್ಬಳು ತುಂಬಿಕೊಳ್ಳುತ್ತಿರುವಾಗ ಬೀದಿಯ ಜನರೆಲ್ಲ ಹೀಗೇಕೆ ಸೊರಗುತ್ತಿದ್ದಾರೆಂದು ಅವರು ನಿಜವಾಗಿಯೂ ಮರುಗಿದರು.

ಐದನೆಯ ವಾರ ಬ್ಯಾಂಡ್ ತಂಡದವರ ಸಮವಸ್ತ್ರ ಹೊಲಿಯುವ ಕೆಲಸ ಬಂತು. ಹದಿನಾಲ್ಕು ಜನ, ಹದಿನಾಲ್ಕು ಕೆಂಪು ಪ್ಯಾಂಟು, ಬದಿಯಲ್ಲಿ ಚಿನ್ನದ ಬಣ್ಣದ ಪಟ್ಟಿ. ಬಕ್ಕಲು ಡ್ರಮ್ಮಿಗೆ ಬಡಿದು ಸದ್ದಾಗುತ್ತದೆ, ಬೆಲ್ಟೇ ಬೇಡ ಎಂದು ಬ್ಯಾಂಡ್ ಮಾಸ್ತರರ ಅಪ್ಪಣೆ. ಹೊಲಿದಾದ ಮೇಲೆ ಒಮ್ಮೆ ಹಾಕಿ ನೋಡೋಣವೇ ಎಂದು ಅವರು ಕೇಳಿದ್ದಕ್ಕೆ, ತಮ್ಮ ಅಳತೆಗೆ ಪರೀಕ್ಷೆ ಇಡುವುದು ತಮಗೆ ಅವಮಾನವೆಂದು ಟೈಲರು ಹೇಳಿದ್ದರು.

ಅವಮಾನ ಪ್ಯಾಂಟು ಕೊಟ್ಟ ಮರುದಿನ ಮುಖ್ಯರಸ್ತೆಯ ಮೆರವಣಿಗೆಯಲ್ಲಿ, ಊರೆಲ್ಲ ನೋಡುತ್ತಿರುವಾಗ, ಹದಿನಾಲ್ಕು ಜನಕ್ಕೆ ಹಂಚಿ ಹೋಯಿತು. ಪ್ಯಾಂಟಿನ ಉದ್ದವೂ ಒಂದಿಂಚು ಹೆಚ್ಚು, ಸೊಂಟವೂ ಒಂದಿಂಚು ಸಡಿಲ. ಎಡಗಾಲೆತ್ತಿದವನ ಬಲಗಾಲು ತನ್ನ ಪ್ಯಾಂಟಿನ ಅಂಚನ್ನೇ ತುಳಿಯಿತು, ತುಳಿದ ಪ್ಯಾಂಟು ಬರುತ್ತೇನೆಂದು ಹೊರಟಿತು. ತುತ್ತೂರಿಯವನು ಒಂದು ಕೈಯಲ್ಲಿ ತುತ್ತೂರಿ, ಇನ್ನೊಂದರಲ್ಲಿ ಮಾನ ಹಿಡಿದುಕೊಂಡ. ತಾಳ ಬಾರಿಸುವವನಿಗೆ ಎರಡು ಕೈಯೂ ಬೇಕು, ಅವನು ತಾಳವನ್ನೇ ಬಿಟ್ಟ. ದೊಡ್ಡ ಡ್ರಮ್ಮಿನವನೊಬ್ಬನೇ ಕರ್ತವ್ಯ ಬಿಡದೆ ಬಾರಿಸುತ್ತಾ ನಡೆದ. ಡ್ರಮ್ಮು ಮುಂದಿನಿಂದ ಅವನನ್ನು ಮರೆಮಾಡಿತ್ತು. ಹಿಂದೆ ನಡೆಯುತ್ತಿದ್ದವರು ಇಂದಿಗೂ ಆ ಬಗ್ಗೆ ಮಾತಾಡುವುದಿಲ್ಲ.

ಬ್ಯಾಂಡ್ ಮಾಸ್ತರರು ಎಡಗೈಯಲ್ಲಿ ಸೊಂಟ ಹಿಡಿದುಕೊಂಡೇ ಅಂಗಡಿಗೆ ಬಂದರು. ಟೈಲರು ರೂಢಿಯಂತೆ, "ನೀವೆಲ್ಲ ಇಳಿದು" ಎಂದು ಆರಂಭಿಸಿದರು.

"ಹದಿನಾಲ್ಕು ಜನವೂ ಒಂದೇ ವಾರದಲ್ಲಿ, ಸರಿಯಾಗಿ ಒಂದೊಂದೇ ಇಂಚು ಇಳಿದ್ವೇನ್ರೀ?" ಎಂದು ಮಾಸ್ತರರು ಕೇಳಿದರು.

ಪಕ್ಕದಲ್ಲಿ ಪಾಠ ಓದುತ್ತಿದ್ದ ಗುಂಡಿ ಪುಸ್ತಕವನ್ನು ಇನ್ನಷ್ಟು ಮುಖಕ್ಕೆ ಹತ್ತಿರ ಹಿಡಿದಳು.

ಆರನೆಯ ವಾರದ ಕೊನೆಗೆ ಆಸ್ಪತ್ರೆ. ಅಂದು ಹೆಂಡತಿಯೂ ರಜೆ ಹಾಕಿ ಬಂದಿದ್ದಳು. ಗುಂಡಿ ತೂಕದ ಯಂತ್ರ ಹತ್ತಿದಳು. ನಲವತ್ತೆರಡೂವರೆ. ಹೆಚ್ಚುವುದಿರಲಿ, ಅರ್ಧ ಕೆಜಿ ಇಳಿದಿತ್ತು.

"ನಿಮ್ಮ ಯಂತ್ರ ಕೆಟ್ಟಿದೆ" ಎಂದು ಟೈಲರು ಕೊರಳಿನ ಟೇಪನ್ನು ಎಳೆದು ಮೇಜಿನ ಮೇಲೆ ಹಾಸಿದರು. "ಇದು ಹೇಳುತ್ತೆ ಕೇಳಿ. ಒಂದಿಂಚು ಬೆಳೆದಿದಾಳೆ ನನ್ನ ಮಗಳು."

"ಓಹೋ, ಆ ಟೈಲರು ನೀವೇನಾ?" ಎಂದರು ಡಾಕ್ಟರಮ್ಮ. ಎರಡು ವಾರದಿಂದ ಐದು ಜನ ಗಟ್ಟಿಮುಟ್ಟಾದವರು ತಾವು ಸೊರಗುತ್ತಿದ್ದೇವೆಂದು ಅತ್ತುಕೊಂಡು ಬಂದು ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗಿದ್ದಾರಂತೆ. ಅವರು ಟೇಪಿನ ತುದಿಯನ್ನು ಎತ್ತಿ ಹಿಡಿದರು. "ಇದರಲ್ಲಿ ಒಂದು ಎಲ್ಲಿದೆ? ಹಿತ್ತಾಳೆ ದಾಟಿದ್ರೆ ನೇರ ಎರಡಕ್ಕೇ ಹೋಗುತ್ತಲ್ಲ."

ಟೈಲರು ನೋಡಿದರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಟೇಪಿನ ತುದಿ ನೋಡಿದರು. ಆಮೇಲೆ ಮಗಳನ್ನು ನೋಡಿದರು.

"ಮೊಟ್ಟೆ ಸಾಕಾಗಿತ್ತು ಅಪ್ಪ" ಎಂದಳು ಗುಂಡಿ ನೆಲ ನೋಡುತ್ತಾ. "ನಾನೇ ಕತ್ತರಿಸಿದ್ದು."

ಟೈಲರಿಗೆ ಸಿಟ್ಟು ನೆತ್ತಿಗೇರಿತು. ಅನ್ನ ಕೊಡುವ ಟೇಪಿಗೆ ಕತ್ತರಿ! ಅಳತೆಯಲ್ಲಿ ಮೋಸ! ಬೀದಿಯ ಮಾನ, ಬ್ಯಾಂಡಿನ ಮಾನ, ಮನೆತನದ ಮಾನ ಎಂದು ಅವರು ಒಂದೊಂದೇ ಮಾನವನ್ನು ಎತ್ತಿ ಆಡುತ್ತಿರುವಾಗ ಡಾಕ್ಟರಮ್ಮ ಸದ್ದಿಲ್ಲದೆ ಮೀಟರು ಒತ್ತಿ ಹಳೆಯ ಅಂಕಿಗಳನ್ನು ನೋಡುತ್ತಿದ್ದರು. ದಿನವೂ ಸಂಜೆಯಿಂದ ಬೆಳಗಿನವರೆಗೆ ಸಕ್ಕರೆ ಏರಿಯೇ ಇತ್ತು.

"ಅಳತೆ ಕಮ್ಮಿ ಆಗಿರೋದು ಟೇಪಲ್ಲಿ ಮಾತ್ರ ಅಲ್ಲ" ಎಂದರು ಅವರು. "ಇನ್ಸುಲಿನ್ ಅಳತೆ ಯಾರು ಕಮ್ಮಿ ಮಾಡ್ತಿರೋದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಟೈಲರ ಕೈ ತಾನಾಗಿ ಅವರ ಕೊರಳಿಗೆ ಹೋಯಿತು.

"ಎರಡೇ ಯೂನಿಟ್ಟು" ಎಂದರು. ಮೇಜು ಗುದ್ದಿದ ದನಿ ಅದಾಗಿರಲಿಲ್ಲ.

ಇನ್ಸುಲಿನ್ ಸಾಲದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಸಕ್ಕರೆ ರಕ್ತದಲ್ಲೇ ಸುತ್ತಿ ಮೂತ್ರದಲ್ಲಿ ಹೊರಟುಹೋಗುತ್ತದೆ, ಮೈ ತನ್ನನ್ನೇ ತಾನು ತಿಂದು ಸೊರಗುತ್ತದೆ ಎಂದು ಡಾಕ್ಟರಮ್ಮ ಪ್ಲಾಸ್ಟಿಕ್ಕಿನ ಮೂತ್ರಪಿಂಡವನ್ನು ಕೈಗೆತ್ತಿಕೊಂಡು ವಿವರಿಸಿದರು. ಟೈಲರು ಅರ್ಥವಾಗದೆ ಕಣ್ಣು ಬಿಟ್ಟರು.

"ತೂತು ಜೇಬು ಅಪ್ಪ" ಎಂದಳು ಗುಂಡಿ. "ನೀನು ಮೇಲಿಂದ ಹಾಕ್ತಾನೇ ಇದ್ದೆ."

"ನಾನು ಹಿಂದಿನ ಬಾಗಿಲು ಅಂದೆ" ಎಂದಳು ಹೆಂಡತಿ. "ಬಾಗಿಲು ತೆಗೆದು ಹಿಡ್ಕೊಂಡು ನಿಂತಿರೋರು ನೀವೇ ಅಂತ ಗೊತ್ತಿರಲಿಲ್ಲ."

ಟೈಲರು ಕುರ್ಚಿಯಲ್ಲಿ ಕೂತರು. ಮಗಳು ಕತ್ತರಿಸಿದ್ದು ಒಂದು ಇಂಚು. ತಾವು ಕತ್ತರಿಸಿದ್ದು ಮಗಳನ್ನೇ. ಅವರಿಗೆ ಅಳು ಬಂತು, ಅತ್ತರು.

"ನಿನಗೆ ಗೊತ್ತಿತ್ತಲ್ಲ ಮಗಳೇ. ಯಾಕೆ ಹೇಳಲಿಲ್ಲ?"

"ನೀನು ಸಕ್ಕರೆ ಡಬ್ಬ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಿದ್ದೆ" ಎಂದಳು ಗುಂಡಿ. "ಡಬ್ಬ ನಡುಗ್ತಿತ್ತು."

ಡಾಕ್ಟರಮ್ಮ ಹೊಸ ಲೆಕ್ಕ ಬರೆದುಕೊಟ್ಟರು. ಸಕ್ಕರೆ ಇಳಿದರೆ ಏನು ಮಾಡಬೇಕೆಂದು ಟೈಲರನ್ನು ಎದುರಿಗೆ ಕೂರಿಸಿಕೊಂಡು ಮಗ್ಗಿಯ ಹಾಗೆ ಮೂರು ಸಲ ಹೇಳಿಸಿದರು. ಇನ್ನೂ ನಾಲ್ಕು ವಾರವಿದೆ, ನೋಡೋಣ ಎಂದರು. ಮನೆಗೆ ಹೊಸ ಟೇಪು ಬಂತು. ಬ್ಯಾಂಡಿನ ಪ್ಯಾಂಟುಗಳನ್ನು ಬಿಚ್ಚಿ ಒಂದಿಂಚು ಒಳಗೆ ಹಿಡಿಯುವ ಶಿಕ್ಷೆಯನ್ನು ಅಪ್ಪ ಮಗಳು ಏಳೇಳರಂತೆ ಹಂಚಿಕೊಳ್ಳಲು ಹೊರಟರು. ಆದರೆ ಹಿಡಿಯಬೇಕಾಗಿದ್ದು ಹದಿಮೂರೇ. ಒಂದು ಪ್ಯಾಂಟನ್ನು ಡ್ರಮ್ಮಿನವನು ಅಂಗಡಿಗೆ ಎಸೆದು, ಸತ್ತರೂ ಅದನ್ನು ಮತ್ತೆ ಹಾಕುವುದಿಲ್ಲವೆಂದು ಹೇಳಿ ಹೋಗಿದ್ದ.

ದಿನಕ್ಕೆ ಒಂದೇ ಮೊಟ್ಟೆ ತಿಂದು, ಎಲ್ಲರ ಹಾಗೆ ಉಂಡು, ನಾಲ್ಕನೆಯ ವಾರಕ್ಕೆ ಗುಂಡಿ ನಲವತ್ತೈದು ಕೆಜಿ ಇನ್ನೂರು ಗ್ರಾಂ ತೂಗಿದಳು. ಫಾರಂ ಫ್ರಿಜ್ಜಿನಿಂದ ಇಳಿದು, ಸಹಿ ಹಾಕಿಸಿಕೊಂಡು ಶಾಲೆಗೆ ಹೋಯಿತು.

ಹೊರಡುವ ದಿನ ಬೆಳಿಗ್ಗೆ ತಿಂಡಿಗೆ ಕೂತು ಅವಳು ಪೆನ್ನು ತಿರುಗಿಸಿದಳು. ಟೈಲರು ಬಾಗಿಲಲ್ಲಿ ನಿಂತಿದ್ದರು. ಡಬ್ಬ ಅವಳ ಚೀಲದೊಳಗೆ ಸೇರಿತ್ತು, ಕೈ ಖಾಲಿಯಿತ್ತು.

"ಎಂಟು ಬರುತ್ತೆ ಅಪ್ಪ."

"ಎಂಟೇ ಹಾಕು" ಎಂದರು ಟೈಲರು. ಈ ಸಲ ಗೋಡೆಯ ಕಡೆ ತಿರುಗದೆ ನೋಡಿದರು.

ಶಾಲೆಯ ಬಸ್ಸಿನವರೆಗೆ ಹೋಗಿ ಬೀಳ್ಕೊಡಬೇಕೆಂದು ಅವರು ಬಟ್ಟೆ ಬದಲಿಸಲು ಒಳಗೆ ಹೋದವರು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. ಒಳಗಿಂದ ಉಸಿರು ಹಿಡಿಯುವ, ಬಿಡುವ, ಪ್ಯಾಂಟಿನ ಗುಂಡಿ ಸಿಡಿದು ಬೀರುವಿಗೆ ಬಡಿಯುವ ಸದ್ದು ಬಂತು. ಹೆಂಡತಿ ಹೊಸ ಟೇಪು ತೆಗೆದುಕೊಂಡು ಒಳಗೆ ಹೋಗಿ, ಗಂಡನ ಸೊಂಟಕ್ಕೆ ಒಂದು ಸುತ್ತು ಹಾಕಿದಳು. ಎರಡೂವರೆ ತಿಂಗಳ ಹಿಂದೆ ಮೂವತ್ತಾರಿದ್ದದ್ದು ಈಗ ನಲವತ್ತು. ಟೈಲರು ಟೇಪಿನ ತುದಿ ಎತ್ತಿ ನೋಡಿದರು. ಒಂದು ಅದರ ಜಾಗದಲ್ಲೇ ಇತ್ತು.

ಶಾಲೆಯ ಗೇಟಿನ ಮುಂದೆ ಬಸ್ಸು ಹೊರಟಿತು. ಮಕ್ಕಳೆಲ್ಲ ಕಿಟಕಿಯಿಂದ ಕೈ ಬೀಸುತ್ತಿದ್ದವರು ಒಮ್ಮೆಗೇ ಒಂದೇ ಕಡೆ ನೋಡತೊಡಗಿದರು. ಗುಂಡಿ ತಲೆ ಹೊರಗೆ ಹಾಕಿ ಕೂಗಿದಳು.

"ಅಪ್ಪ, ಡ್ರಮ್ಮು ಎಲ್ಲಿ?"

ಟೈಲರು ಎರಡೂ ಕೈ ಎತ್ತಿ ಬೀಸಿದರು. ಸೊಂಟ ಹಿಡಿದುಕೊಳ್ಳುವ ಅಗತ್ಯವೇ ಇರಲಿಲ್ಲ. ಬದಿಗೆ ಚಿನ್ನದ ಪಟ್ಟಿಯಿದ್ದ ಆ ಕೆಂಪು ಪ್ಯಾಂಟು ಅವರಿಗೇ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು.