ನಮ್ಮ ಮಾವ ಕಡಲು ಬಿಟ್ಟು ಬಂದದ್ದು

ನಮ್ಮ ಮಾವ ಚಪ್ಪಲಿ ಮೆಟ್ಟಿದರೆ ಸಾಕು, ಮನೆಮಂದಿಗೆಲ್ಲ ಎದೆ ಡವಗುಟ್ಟುತ್ತದೆ. ಹೊರಟಿರುವುದು ಹಿತ್ತಲಿಗೋ ಹಿಮಾಲಯಕ್ಕೋ, ಹೇಳುವವರು ಯಾರು?

ನನ್ನ ತಾಯಿಯ ತಮ್ಮ ಇವನು, ಸಾತನೂರಿನವನು. ಆಗ ನಾನು ಮಾವ-ಅತ್ತೆಯ ಮನೆಯಲ್ಲೇ ಇದ್ದುಕೊಂಡು ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದೆ. ಮಾವ ಕನಕಪುರದ ಸಂತೆಗೆ ಹೋದರೆ ಚೀಲ ಬಸ್ಸಿನಲ್ಲಿ, ಅವನು ರಸ್ತೆಯಲ್ಲಿ! ಕಂಡಕ್ಟರ್ ಕೈಗೆ ಚೀಲ ಕೊಟ್ಟು ತಾನು ನಡೆದುಬರುವ ಪೈಕಿ. ಚೀಲ ಮನೆ ಸೇರಿ, ಅದರೊಳಗಿನ ಸೊಪ್ಪು ಸಾರಾಗಿ, ನಾವು ಉಂಡು ಕೈ ತೊಳೆದ ಮೇಲೆ ಮಾವ ಬಾಗಿಲಲ್ಲಿ ಕಾಣಿಸುತ್ತಿದ್ದ.

ಹಾರೋಹಳ್ಳಿ ಕಡೆ ಹೊಲಗಳಿದ್ದ ಜಾಗದಲ್ಲಿ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ವ್ಯಾನು ಬಂದು ನಮ್ಮೂರವರನ್ನು ತುಂಬಿಕೊಂಡು ಹೋಗುತ್ತಿತ್ತು. ಮಾವನಿಗೂ ವಾಚ್‌ಮನ್ ಕೆಲಸ ಸಿಕ್ಕಿತು. ಮೊದಲ ದಿನವೇ ವ್ಯಾನನ್ನು ಮುಂದೆ ಕಳಿಸಿ ನಡೆದು ಹೊರಟ. ಗೇಟು ಮುಟ್ಟುವಷ್ಟರಲ್ಲಿ ಅವನ ಪಾಳಿಯವರು ಮನೆಗೆ ಹೋಗಲು ಅದೇ ವ್ಯಾನು ಹತ್ತುತ್ತಿದ್ದರು. ಕೆಲಸವೇನೋ ಅಲ್ಲಿಗೇ ಮುಗಿಯಿತು. ಆದರೆ ಗೇಟಿನಲ್ಲಿ ಸಿಕ್ಕ ಕಾರವಾರದ ಫಿಟ್ಟರೊಬ್ಬ ಬಾಯಿ ಸುಮ್ಮನಿರದೆ, ನಮ್ಮ ಕಡೆ ಕಡಲ ದಂಡೆಯಲ್ಲೇ ಮಂಗಳೂರಿನವರೆಗೆ ನಡೆಯಬಹುದು ಎಂದುಬಿಟ್ಟ. ಇಂಥ ಮಾತನ್ನು ಇಂಥವನ ಮುಂದೆ ಆಡುವುದೇ?

ಹುರಿಹಿಟ್ಟು, ಉಪ್ಪಿನಕಾಯಿ, ಒಂದು ಕಂಬಳಿ, ಗಂಟು ಕಟ್ಟಿಯೇಬಿಟ್ಟ. ಈಜು ಬಾರದು, ಕೆರೆಯಲ್ಲೂ ಮೊಣಕಾಲುದ್ದ ನೀರು ದಾಟಿದವನಲ್ಲ. ಜೊತೆಗೆ ನಾನೂ ಬರುತ್ತೇನೆಂದರೆ ಬೇಡವೆಂದ. ಕಾರವಾರದವರೆಗೆ ಮಾತ್ರ ಬಸ್ಸು, ಆಮೇಲೆ ಮಂಗಳೂರು ಮುಟ್ಟುವ ತನಕ ಯಾವ ಗಾಡಿಯನ್ನೂ ಹತ್ತುವುದಿಲ್ಲವೆಂದು ಅತ್ತೆಯ ಮುಂದೆ ಆಣೆ ಮಾಡಿದ.

"ಹೋಗು, ಮೀನಿಗಾದ್ರೂ ಊಟ ಆಯ್ತೀಯ" ಎಂದು ಅತ್ತೆ ಹುರಿಹಿಟ್ಟಿಗೆ ಇನ್ನೆರಡು ಹಿಡಿ ಬೆಲ್ಲ ಸುರಿದಳು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ಟಿವಿಯಲ್ಲಿ ಅಲೆ ಎದ್ದರೆ ನಾನೂ ಎದ್ದು ಹೋಗಿ ಟಿವಿ ಆರಿಸುತ್ತಿದ್ದೆ. ಫ್ಯಾಕ್ಟರಿಯಲ್ಲಿ ಯಾರ ಮೊಬೈಲು ಬಡಿದುಕೊಂಡರೂ ಮಾವನ ಸುದ್ದಿಯೇ ಇರಬೇಕು ಎನಿಸುವುದು. ಸಂಜೆ ಯಾವುದೋ ಊರಿನ ಕಾಯಿನ್ ಬೂತಿನಿಂದ ಅವನ ಫೋನು ಬರುವ ತನಕ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ. ಬಂತೋ, ನಾನು ಹಲೋ ಎನ್ನುವಷ್ಟರಲ್ಲಿ ಅತ್ತೆ ರಿಸೀವರ್ ಕಿತ್ತುಕೊಂಡು ಬೈಯಲು ಶುರುಮಾಡುವಳು: ಕೂದಲು ನೆರೆತರೂ ಬುದ್ಧಿ ಬರಲಿಲ್ಲ, ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುವವರು ಯಾರು, ಹಸು ಕರೆಯೋಕೆ ನಿನ್ನ ತಾತ ಬರುತ್ತಾನಾ... ನಾಣ್ಯ ಮುಗಿದು ಲೈನು ಕಟ್ಟಾದ ಮೇಲೂ ಅವಳ ಬೈಗುಳ ನಿಲ್ಲುತ್ತಿರಲಿಲ್ಲ.

ಮಾವ ಕುಮಟಾ ಮುಟ್ಟಿದ ದಿನವೂ ಫೋನು ಬಂತು. ಗೋಡೆಗೆ ಒರಗಿ ಕೂತಿದ್ದ ಅತ್ತೆ ರಿಸೀವರ್ ತೆಗೆದುಕೊಂಡು, "ಉಂಡ್ಯಾ? ಒಸಿ ಉಸಾರು" ಎಂದಷ್ಟೇ ಹೇಳಿ ನನ್ನ ಕೈಗೆ ಕೊಟ್ಟಳು. ಅಂತೂ ಇವಳ ಸಿಟ್ಟು ಇಳಿಯಿತು ಎಂದು ನನಗೆ ಖುಷಿಯೋ ಖುಷಿ. ಆ ಕಡೆಯಿಂದ ಮಾವ ಕೇಳಿದ:

"ಯಾಕ್ಲಾ, ನಿಮ್ಮತ್ತೆ ಬೈಲಿಲ್ಲ?"

ಎಲ್ಲ ಚೆನ್ನಾಗಿದೆ, ನೀನು ನೆಮ್ಮದಿಯಾಗಿ ನಡಿ ಎಂದೆ. ಲೈನು ಕಟ್ಟಾಯಿತು.

ಮಾರನೆಯ ದಿನ ಭಾನುವಾರ. ಮಧ್ಯಾಹ್ನದ ಬಸ್ಸಿನಿಂದ ಮಾವ ಇಳಿದ! ಅರ್ಧಕ್ಕಿಂತ ಹೆಚ್ಚು ಕಡಲು ಬಾಕಿ, ಆಣೆ ನೀರುಪಾಲು. ಚೆನ್ನಾಗಿ ಛೇಡಿಸಬೇಕೆಂದು ಎದುರಿಗೆ ಹೋದರೆ ನನ್ನ ಮುಖವನ್ನೂ ನೋಡದೆ ಕೊಟ್ಟಿಗೆಗೆ ನಡೆದ. ಅಲ್ಲಿ ಅತ್ತೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಅವಳ ತೋಳು ಹಿಡಿದು, ಏನಾಗಿದೆ ಹೇಳು ಎಂದ. ಅವಳು ಅಲ್ಲೇ ಕುಸಿದು ಕೂತಳು.

"ಎದೆ ಹಿಂಡ್ತಾ ಐತೆ. ಮೂರು ದಿನ ಆಯ್ತು" ಎಂದಳು.

ಒಂದೇ ಸೂರಿನಡಿ, ಅವಳು ಬಡಿಸಿದ್ದನ್ನೇ ಉಣ್ಣುತ್ತ, ನಾನು ಕಡಲ ನೀರಿಗೆ ಹೆದರುತ್ತಿದ್ದೆ. ಸದ್ಯ, ಹೊತ್ತಿಗೆ ಸರಿಯಾಗಿ ಕರೆತಂದಿರಿ ಎಂದರು ಆಸ್ಪತ್ರೆಯ ಡಾಕ್ಟರು.

ಎರಡು ದಿನದ ಮೇಲೆ ಅತ್ತೆ ಕಣ್ಣು ಬಿಟ್ಟು ನಮ್ಮನ್ನು ಗುರುತು ಹಿಡಿದಳು. ಮಾವ ಮಂಚದ ಪಕ್ಕದ ಸ್ಟೂಲಿನಲ್ಲಿ ಅವಳ ಕೈ ಹಿಡಿದು ಕೂತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಒಸಿ ಬಯ್ಯೆ," ಎಂದ. "ಒಂದೇ ಒಂದು ಮಾತು ಬಯ್ಯೆ."