ಕೂಲಂಟ್ ಮೂಸುವ ಮಾವನವರು

ನಮ್ಮ ಮಾವನವರಿಗೆ, ಅಂದರೆ ನನ್ನ ಗಂಡನ ತಂದೆಗೆ, ದೇವರು ಎರಡು ಕಣ್ಣು ಕೊಟ್ಟದ್ದು ಬರೀ ಮುಖದ ಚಂದಕ್ಕೆ ಎಂದು ನನಗೆ ಬಹಳ ವರ್ಷ ಅನುಮಾನವಿತ್ತು. ಅವರು ಜಗತ್ತನ್ನು ನೋಡುತ್ತಿದ್ದುದು ಮೂಗಿನಿಂದ. ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನವೂ ಅಷ್ಟೇ. ಚಹಾ ತಟ್ಟೆ ಹಿಡಿದು ನಿಂತ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಪ್ಪನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದು ನಮ್ಮ ತಾಯಿಗೆ ಹೇಳಿದರು: "ಅಕ್ಕಾರ, ಚಹಾಪುಡಿ ಎರಡ ನಮೂನಿದು ಕೂಡಸೀರಿ."

ನಮ್ಮ ತಾಯಿಗೆ ಬೆವರು ಬಂತು. ಮಾತು ನಿಜವಾಗಿತ್ತು. ಮನೆಯಲ್ಲಿದ್ದ ಪುಡಿ ಸಾಲದೆ ಪಕ್ಕದ ಮನೆಯಿಂದ ಎರಡು ಚಮಚ ತಂದು ಹಾಕಿದ್ದರು. ಸಂಬಂಧ ತಪ್ಪಿತೆಂದೇ ನಾವೆಲ್ಲ ತಿಳಿದೆವು. ಮಾವನವರು ಕಪ್ಪು ಬರಿದು ಮಾಡಿ ಕೆಳಗಿಟ್ಟು, "ಛಲೋ ಕೂಡೇತಿ. ತಾರೀಖ ಹಿಡೀರಿ" ಎಂದರು. ಹೀಗೆ ನನ್ನ ಮದುವೆ ನಡೆದದ್ದು ಪಕ್ಕದ ಮನೆಯ ಚಹಾಪುಡಿಯಿಂದ!

ಅವರ ಮೂಗು ಸುಮ್ಮನೆ ಬೆಳೆದದ್ದಲ್ಲ. ನಿಪ್ಪಾಣಿಯ ಒಂದು ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಅವರು ನಲವತ್ತು ವರ್ಷ ದುಡಿದವರು. ರೈತರು ತಂದ ತಂಬಾಕನ್ನು ಮೂಸಿ, ಯಾವುದರ ಜೊತೆ ಯಾವುದನ್ನು ಎಷ್ಟು ಬೆರೆಸಿದರೆ ಬೀಡಿಗೆ ಹದವಾಗುತ್ತದೆ ಎಂದು ಹೇಳುವುದು ಅವರ ಕೆಲಸ. ಚೀಲದೊಳಗೆ ಕೈ ಹಾಕಿ, ಒಂದು ಚಿಟಿಕೆ ಅಂಗೈಯಲ್ಲಿ ತಿಕ್ಕಿ, ಕಣ್ಣು ಮುಚ್ಚಿ ಮೂಗಿಗೆ ಹಿಡಿದರೆ ಮುಗಿಯಿತು. ಇದು ಬೇಡಕಿಹಾಳದ ಕರೀ ಮಣ್ಣಿನದು, ಕೊಯ್ದ ಮೇಲೆ ಒಂದು ಮಳೆ ಬಿದ್ದಿದೆ, ಮುಚ್ಚಿಟ್ಟ ತಾಡಪಾಲು ಹೊಸದು ಎಂದೆಲ್ಲ ಹೇಳಿಬಿಡುತ್ತಿದ್ದರು. ಕೊಲ್ಲಾಪುರದ ಕಡೆಯ ವ್ಯಾಪಾರಿಗಳು ಈ ಮೂಗಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರಂತೆ. ಇಷ್ಟಾಗಿ ಒಂದು ಬೀಡಿಯನ್ನೂ ಅವರು ಬಾಯಿಗಿಟ್ಟವರಲ್ಲ. ಮೂಗು ಹೊಲಸಾಗುತ್ತದೆಂಬ ಹೆದರಿಕೆ.

ಇಂಥ ಮೂಗಿಗೆ ಒಂದು ದಿನ ನಿವೃತ್ತಿಯಾಯಿತು. ಪಾಪ, ಅದು ಏನು ಮಾಡಬೇಕು? ಮೊದಲ ಒಂದು ವರ್ಷ ಅಡಿಗೆಮನೆಯ ಮೇಲೆ ಬಿತ್ತು. ಹುಳಿಗೆ ಇಂಗು ಹೆಚ್ಚಾಯಿತು, ಎಣ್ಣೆ ಸ್ವಲ್ಪ ಹಳೆಯದು ಎಂದು ಹೊರಗಿನ ಕಟ್ಟೆಯ ಮೇಲೆ ಕುಳಿತೇ ತೀರ್ಪು ಕೊಡುತ್ತಿದ್ದರು. ನಮ್ಮ ಅತ್ತೆ ಅದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು. ಅಷ್ಟರಲ್ಲಿ ನಾನೊಂದು ಕಾರು ಕೊಂಡೆ.

ನನಗೆ ಚಿಕ್ಕೋಡಿಯ ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ನಿಪ್ಪಾಣಿಯಿಂದ ದಿನವೂ ಬಸ್ಸಿನಲ್ಲಿ ನಿಂತು ಸಾಕಾಗಿ, ಕಾಗವಾಡದ ಒಬ್ಬ ನಿವೃತ್ತ ಮಾಸ್ತರರಿಂದ ಹಳೆಯ ಸಣ್ಣ ಕಾರು ತಂದಿದ್ದೆ. ಮನೆಯವರೆಲ್ಲ ಬಣ್ಣ ನೋಡಿದರು, ಸೀಟು ಒತ್ತಿ ನೋಡಿದರು. ಮಾವನವರು ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿಸಿ, ಕೂಲಂಟಿನ ಡಬ್ಬಿಯ ಮುಚ್ಚಳ ತೆಗೆಸಿದರು. ಎಂಜಿನ್ ಕಾದು ಹೋಗದಂತೆ ಅದರ ಒಳಗೆಲ್ಲ ಸುತ್ತಾಡುತ್ತದಲ್ಲ, ಆ ಬಣ್ಣದ ನೀರು. ನಮ್ಮದರಲ್ಲಿ ಅದು ಹಸಿರೂ ಅಲ್ಲ, ಕೆಂಪೂ ಅಲ್ಲ, ಕೆರೆಯ ನೀರಿನ ಬಣ್ಣಕ್ಕೆ ಇತ್ತು. ಮಾವನವರು ಬಗ್ಗಿ ಮೂಸಿದರು.

"ಯವ್ವಾ, ಇದರಾಗ ಎರಡ ಜಾತಿ ಮಾಲ ಕೂಡೇತಿ. ಒಂದಕ್ಕೊಂದು ಹೊಂದಿಲ್ಲ."

ನಾನು ನಕ್ಕೆ. ತಂಬಾಕಿನ ಮೂಗಿಗೂ ಕಾರಿಗೂ ಏನು ಸಂಬಂಧ? ಆದರೂ ಅವರ ಸಮಾಧಾನಕ್ಕೆಂದು ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ನನಗಿಂತ ಜೋರಾಗಿ ನಕ್ಕ. ನಗುತ್ತಲೇ ರೇಡಿಯೇಟರಿನ ಕೆಳಗಿನ ಪೈಪು ಬಿಚ್ಚಿದ. ಮೊದಲು ಒಂದಿಷ್ಟು ನೀರು ಬಂತು. ಆಮೇಲೆ ಏನೂ ಬರಲಿಲ್ಲ. ಬೆರಳು ಹಾಕಿ ಎಳೆದರೆ ಆರಿದ ಅಂಬಲಿಯಂತಹ ಲೋಳೆ, ಮುದ್ದೆ ಮುದ್ದೆಯಾಗಿ. ಹಿಂದಿನವರು ಹಸಿರು ಕಡಿಮೆಯಾದಾಗ ಸಿಕ್ಕ ಕೆಂಪು ಸುರಿದಿದ್ದರು. ಎರಡರ ಒಳಗಿನ ಮದ್ದು ಒಂದಕ್ಕೊಂದು ಆಗಿಬಂದಿರಲಿಲ್ಲ. ಮೇಸ್ತ್ರಿ ನಗು ನಿಲ್ಲಿಸಿ, ಕೈ ಒರೆಸಿಕೊಂಡು, ಮಾವನವರಿಗೆ ಕೂಡಲು ಕುರ್ಚಿ ತಂದು ಹಾಕಿದ. ನಾನು ನಿಂತೇ ಇದ್ದೆ!

ಒಳಗನ್ನೆಲ್ಲ ತೊಳೆಸಿದ ಮೇಲೆ ಹೊಸ ಕೂಲಂಟ್ ಕೊಳ್ಳುವ ಪ್ರಶ್ನೆ ಬಂತು. ಅಂಗಡಿಯವನು ಹಸಿರಿದೆ, ಕೆಂಪಿದೆ, ನೀಲಿಯೂ ಇದೆ, ಯಾವುದು ಬೇಕು ಎಂದ. ಸೀರೆ ಅಂಗಡಿಯಲ್ಲಿ ಕೇಳಿದ ಹಾಗೆ. ಮಾವನವರಿಗೆ ಸಿಟ್ಟು ಬಂತು. "ಬಣ್ಣ ಕಂಪನಿಯಾವ್ರು ಹಾಕೂದು. ಗುಣ ಒಳಗ ಇರತೈತಿ. ಈ ಗಾಡಿ ಪುಸ್ತಕದಾಗ ಏನ ಬರದಾರ, ಅದನ್ನ ಕೊಡು." ಪುಸ್ತಕದಲ್ಲಿ ಏನು ಬರೆದಿದ್ದಾರೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾರಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಆಫೀಸಿನಿಂದ ಬಂದು ಅದನ್ನು ಓದಿ ಅರ್ಥ ಹೇಳುವುದು, ಅವರು ಕಟ್ಟೆಯ ಮೇಲೆ ಪದ್ಮಾಸನ ಹಾಕಿ ಕೇಳುವುದು, ಹೀಗೆ ನಾಲ್ಕು ಸಂಜೆ ನಡೆಯಿತು. ನಾಲ್ಕನೆಯ ಸಂಜೆ ಪಕ್ಕದ ಮನೆಯ ಅಜ್ಜಿ ಪುರಾಣವೆಂದು ತಿಳಿದು ಕೈಮುಗಿದು ಬಂದು ಕುಳಿತರು.

ಪುಸ್ತಕ ಹೇಳಿದ ಜಾತಿಯ ಕೂಲಂಟ್ ಕೊನೆಗೆ ಅಥಣಿಯಲ್ಲಿ ಸಿಕ್ಕಿತು. ಅದು ಗಟ್ಟಿ ಮಾಲು, ಅರ್ಧಕ್ಕರ್ಧ ನೀರು ಬೆರೆಸಬೇಕು. ಬೋರಿನ ನೀರು ಹಾಕಲು ಮಾವನವರು ಬಿಡಲಿಲ್ಲ. ಅತ್ತೆಯ ಹಂಡೆಯ ತಳದ ಬಿಳೀ ಹೊಪ್ಪಳಿಕೆಯನ್ನು ಕೆರೆದು ನನಗೆ ತೋರಿಸಿ, ಎಂಜಿನ್ನಿನೊಳಗೂ ಹೀಗೆಯೇ ಕಟ್ಟುತ್ತದೆ ಎಂದರು. ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನು ತರಿಸಿ, ಅಳೆಯಲು ಅಡಿಗೆಮನೆಯಿಂದ ಹಾಲಿನ ಮಾಪು ಎತ್ತಿಕೊಂಡು ಬಂದರು. ಒಂದು ಮಾಪು ಇದು, ಒಂದು ಮಾಪು ಅದು. ಎಷ್ಟು ಭಕ್ತಿಯಿಂದ ಎಂದರೆ, ಸುತ್ತ ನಿಂತವರು ಚಪ್ಪಲಿ ಕಳಚಿದ್ದರು. ಕೆಲಸವೆಲ್ಲ ಮುಗಿದ ಮೇಲೆ ಅವರೇ ಅತ್ತೆಗೆ, ಇದು ರುಚಿಗೆ ಸಿಹಿ, ಆದರೆ ಹೊಟ್ಟೆಗೆ ಹೋದರೆ ವಿಷ, ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ ಎಂದು ವಿವರಿಸಿದರು. ಅತ್ತೆ ಮಾಪನ್ನು ಅವರ ಕೈಯಲ್ಲೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಹೊಸ ಮಾಪು ತರಲು ಪೇಟೆಗೆ ಹೋದರು.

ಮೇಸ್ತ್ರಿಯ ಬಾಯಿಂದ ಸುದ್ದಿ ಹರಡಿತು. ಹಳೆಯ ಕಾರು ಕೊಳ್ಳುವವರು ಮೊದಲು ಮಾವನವರಿಂದ ಮೂಸಿಸತೊಡಗಿದರು. ಶೇಡಬಾಳದಿಂದ ಒಂದು ಜೈನ ಕುಟುಂಬ ಮೂರು ಕಾರುಗಳಲ್ಲಿ ಬಂದು, ಮೂರನ್ನೂ ಸಾಲಾಗಿ ನಿಲ್ಲಿಸಿ ಬಾನೆಟ್ ತೆರೆದು ನಿಂತಿತು. ಐನಾಪುರದಿಂದ ಒಬ್ಬ ಕುಡಿಯುವ ನೀರಿನ ಬಾಟಲಿಯಲ್ಲೇ ಕೂಲಂಟ್ ತುಂಬಿಕೊಂಡು ಬಂದಿದ್ದ. ಅವನನ್ನು ಮಾವನವರು ಅರ್ಧ ತಾಸು ಬೈದರು. ಮಕ್ಕಳು ಶರಬತ್ತೆಂದು ಕುಡಿದರೆ ಏನು ಗತಿ ಎಂದು ಕೇಳಿ, ಆ ಬಾಟಲಿಯನ್ನು ಕತ್ತರಿಸಿ ಹಾಕಿಸಿದ ಮೇಲೆಯೇ ಒಳಗೆ ಕರೆದರು. ಆದರೆ ಯಾರ ಕಾರಿನ ವಿಷಯದಲ್ಲೂ ಅವರ ಮಾತು ತಪ್ಪಿದ್ದನ್ನು ನಾನು ಕಾಣೆ. ನಾನಂತೂ ಅವರನ್ನು ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡರೆ ಮುಂದಿನ ಕಾಟೆಗಳ, ಅಂದರೆ ಮೀಟರಿನ ಮುಳ್ಳುಗಳ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಮೂಗು ಪಕ್ಕದಲ್ಲಿರುವಾಗ ಮೀಟರು ಯಾಕೆ?

ಹೋದ ವರ್ಷ ಮಳೆಗಾಲದ ಆರಂಭದಲ್ಲಿ ಅವರಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದರು. ಆಮೇಲೆ ಅವರ ಪದ್ಧತಿ ಸ್ವಲ್ಪ ಬದಲಾಯಿತು. ಮೊದಲು ಮೂಸಿದ ಕ್ಷಣವೇ ಹೇಳುತ್ತಿದ್ದವರು ಈಗ ಬಹಳ ಹೊತ್ತು ಮೂಸುತ್ತಿದ್ದರು. ಬಂದವರನ್ನು ಪ್ರಶ್ನೆ ಕೇಳುತ್ತಿದ್ದರು. ಎಂದು ತುಂಬಿಸಿದ್ದು, ಯಾವ ಡಬ್ಬಿ, ನಡುವೆ ನೀರು ಹಾಕಿದ್ದೀರಾ? ಒಂದಿಷ್ಟು ತೆಗೆದು ಗಾಜಿನ ಶೀಶೆಯಲ್ಲಿ ಹಾಕಿ, ಚೀಟಿ ಅಂಟಿಸಿ, ಅಟ್ಟದ ಮೇಲೆ ಇಡುತ್ತಿದ್ದರು. ಎರಡು ದಿನ ಬಿಟ್ಟು, ತಳದಲ್ಲಿ ಗಷ್ಟು ನಿಂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಉತ್ತರ ಹೇಳುತ್ತಿದ್ದರು. ಜನರಿಗೆ ಭಕ್ತಿ ಇನ್ನೂ ಹೆಚ್ಚಾಯಿತು. ದೊಡ್ಡ ಡಾಕ್ಟರು ಬೇಗ ಹೇಳುತ್ತಾರೆಯೇ?

ಈ ವರ್ಷ ಶಿವರಾತ್ರಿಗೆ ಮೊದಲು ಅಥಣಿಯಿಂದ ಕರೆ ಬಂತು. ಅತ್ತೆಯ ತಂಗಿಯ ಮಗಳು ಅಲ್ಲಿ ಶಾಲೆಯ ಟೀಚರು. ಹಳೆಯ ಕಾರೊಂದನ್ನು ನೋಡಿದ್ದಳು. ದೊಡ್ಡಪ್ಪ ಬಂದು ಮೂಸಿ ಹೂಂ ಅಂದರೆ ಮಾತ್ರ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಳು. ಒಂದು ರವಿವಾರ ಬೆಳಿಗ್ಗೆ ನಾನು, ಮಾವನವರು ಹೊರಟೆವು.

ರಾಯಬಾಗ ದಾಟಿದ ಮೇಲೆ ಎರಡೂ ಕಡೆ ಕಬ್ಬು. ಅಲ್ಲಲ್ಲಿ ಬೆಲ್ಲದ ಗಾಣಗಳ ಹೊಗೆ. ಕಾರಿನೊಳಗೆ ಸಿಹಿ ವಾಸನೆ ಬರತೊಡಗಿತು. ಬೆಲ್ಲ ಕಾಯಿಸುತ್ತಿದ್ದಾರೆ ಎಂದುಕೊಂಡೆ. ಗಾಣಗಳು ಹಿಂದೆ ಉಳಿದರೂ ವಾಸನೆ ಹೋಗಲಿಲ್ಲ. ಮುಂದಿನ ಗಾಜಿನ ಒಳಮೈಯಲ್ಲಿ ಜಿಡ್ಡಿನಂತಹ ಮಂಜು ಕಟ್ಟಿತು. ಚಳಿಗೆ ಎಂದುಕೊಂಡು ಒರೆಸಿದೆ. ನನ್ನ ಮೂಗು ಏನೋ ಹೇಳುತ್ತಿತ್ತು. ಆದರೆ ನಮ್ಮ ಮೂರು ತಾಲ್ಲೂಕಿಗೂ ಹೆಸರಾದ ಮೂಗು ಪಕ್ಕದಲ್ಲೇ ಕುಳಿತು ಕಬ್ಬಿನ ಗದ್ದೆ ನೋಡುತ್ತಿತ್ತಲ್ಲ. ಅದು ಸುಮ್ಮನಿರುವಾಗ ನನ್ನದರ ಮಾತು ಯಾರು ಕೇಳುತ್ತಾರೆ?

ಸ್ವಲ್ಪ ಮುಂದೆ ಬಾನೆಟ್ಟಿನಿಂದ ಹಬೆ ಎದ್ದಿತು. ಆಗ ನೋಡಿದರೆ ಎಂಜಿನ್ ಕಾವಿನ ಕಾಟೆ ಕೆಂಪು ಗೆರೆಗೆ ಹೋಗಿ ಮುಟ್ಟಿದೆ. ಬೇವಿನ ಮರದ ಕೆಳಗೆ ನಿಲ್ಲಿಸಿ, ಗಾಬರಿಯಲ್ಲಿ ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಚಾಚಿದೆ. ಮಾವನವರು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಈಗ ಬಿಚ್ಚಿದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ, ಒಂದು ತಾಸು ಮುಟ್ಟಬೇಡ ಎಂದರು. ಕಾರಿನ ಬಾಗಿಲು ತೆರೆದು ಒಳಗೆ ಇಣುಕಿ, ಕಾಲಡಿಯ ಚಾಪೆಯನ್ನು ಮುಟ್ಟಿ ನೋಡಿದರು. ತಾವು ಕುಳಿತಿದ್ದ ಕಡೆಯ ಚಾಪೆ ಒದ್ದೆಯಾಗಿತ್ತು. ಬೆರಳನ್ನು ಮೂಗಿಗೆ ಒಯ್ದರು. ಆಮೇಲೆ ಕೆಳಗಿಳಿಸಿದರು.

"ಯವ್ವಾ, ಒಳಗ ಸಿಹಿ ವಾಸನಿ ಬರಾಕತ್ತಿತ್ತೇನು?"

ಹೌದು, ರಾಯಬಾಗದಿಂದಲೂ ಬರುತ್ತಿತ್ತು, ಬೆಲ್ಲದ್ದೆಂದು ತಿಳಿದೆ, ನೀವು ಸುಮ್ಮನಿದ್ದಿರಿ ಎಂದು ನಾನೂ ಸುಮ್ಮನಿದ್ದೆ ಎಂದೆ. ಅವರು ಮರದ ಬೇರಿನ ಮೇಲೆ ಕುಳಿತರು.

"ನನಗ ವಾಸನಿ ಬರೂದು ನಿಂತು ಎಂಟ ತಿಂಗಳ ಆತು. ಆ ಜ್ವರದಾಗ ಹೋದದ್ದು ಹೊಳ್ಳಿ ಬರಲಿಲ್ಲ."

ಆ ಉದ್ದನೆಯ ಮೂಸುವಿಕೆ, ಪ್ರಶ್ನೆಗಳು, ಅಟ್ಟದ ಮೇಲಿನ ಶೀಶೆಗಳು ಎಲ್ಲ ಈಗ ಅರ್ಥವಾದವು. ಮೂಗಿಲ್ಲದೆಯೂ ಎಂಟು ತಿಂಗಳು ಒಂದು ತಪ್ಪು ಮಾತು ಬಾರದಂತೆ ಅವರು ಕಣ್ಣು, ಕಿವಿ, ಪುಸ್ತಕಗಳಿಂದ ಆ ಕೆಲಸ ನಡೆಸಿದ್ದರು. ಹೇಳಿದರೆ ಜನ ಬರುವುದಿಲ್ಲ, ಮನೆಯಲ್ಲಿ ಸುಮ್ಮನೆ ಕೂಡುವ ಮುದುಕನಾಗುತ್ತೇನೆ ಎಂದು ಹೆದರಿದ್ದರಂತೆ. ಮೂಗಿದ್ದಾಗ ಅವರ ಬಗ್ಗೆ ನನಗಿದ್ದದ್ದು ಬೆರಗು. ಆ ಮರದ ಕೆಳಗೆ ಅದು ಇಮ್ಮಡಿಯಾಯಿತು.

ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಅವರು ಒಪ್ಪಲಿಲ್ಲ. "ಇವತ್ತ ನಿನ್ನ ಎಂಜಿನ್ ಹೋಗತಿತ್ತು. ನಾಳೆ ಮತ್ತೊಬ್ಬರದು ಹೋಗತೈತಿ." ನನ್ನ ಫೋನು ಇಸಿದುಕೊಂಡು ಅಥಣಿಯ ಹುಡುಗಿಗೆ ಅವರೇ ಮಾತಾಡಿದರು. ತಮ್ಮ ಮೂಗು ಹೋಗಿದೆ ಎಂದು ನೇರವಾಗಿ ಹೇಳಿ, ಕಾರನ್ನು ಯಾವ ಗ್ಯಾರೇಜಿನಲ್ಲಿ ತೋರಿಸಬೇಕು, ಏನೇನು ಬಿಚ್ಚಿಸಿ ನೋಡಬೇಕು ಎಂದು ಒಂದೊಂದಾಗಿ ಬರೆಸಿದರು.

ಅಷ್ಟರಲ್ಲಿ ನಾನು ಫೋನು ಮಾಡಿ ಕರೆಸಿದ್ದ ಮೇಸ್ತ್ರಿಯೊಬ್ಬ ರಾಯಬಾಗದಿಂದ ಬಂದ. ಹೀಟರಿಗೆಂದು ಡ್ಯಾಶ್‌ಬೋರ್ಡಿನ ಹಿಂದೆ ಸಣ್ಣದೊಂದು ರೇಡಿಯೇಟರ್ ಇರುತ್ತದಂತೆ. ಹಿಂದಿನವರ ಕಲಬೆರಕೆ ಅದನ್ನು ಒಳಗಿನಿಂದ ತಿಂದು, ಈಗ ಅದು ಸೋರುತ್ತಿತ್ತು. ಅವನು ಅದಕ್ಕೆ ಹೋಗುವ ಎರಡು ಪೈಪುಗಳನ್ನು ಬಿಚ್ಚಿ ಒಂದಕ್ಕೊಂದು ಜೋಡಿಸಿ, ತನ್ನ ಹತ್ತಿರವಿದ್ದ ಹಸಿರು ಕೂಲಂಟ್ ಸುರಿಯಲು ಹೋದ. ಮಾವನವರು ಡಿಕ್ಕಿಯಿಂದ, ತಾವೇ ಬೆರೆಸಿ ಚೀಟಿ ಅಂಟಿಸಿಟ್ಟ ಕ್ಯಾನು ತಂದು ಅವನ ಕೈಗೆ ಕೊಟ್ಟರು. ಎಂಜಿನ್ ಉಳಿಯಿತು. ನಾವು ನಿಪ್ಪಾಣಿಗೆ ಮರಳಿದೆವು.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮಾವನವರು ಕೈಕಾಲು ಕೂಡ ತೊಳೆಯದೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ತಮಗೆ ವಾಸನೆ ತಿಳಿಯುವುದಿಲ್ಲ ಎಂದು ಹೇಳಿದರು. ನಾನು ಅವರ ಹಿಂದೆ ನಿಂತಿದ್ದೆ.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತ್ರಿ" ಎಂದರು.

ಯಾವಾಗಿನಿಂದ ಎಂದು ಮಾವನವರು ಕೇಳಿದರು.

"ಶ್ರಾವಣದಾಗ ಒಂದಿನ ಹಾಲು ಸೀದಿತ್ತು. ನೀವು ಪೂರಾ ಕುಡದು, ಛಲೋ ಐತಿ ಅಂದ್ರಿ. ಅವತ್ತ ಒಳಗ ಬಂದು ಕಣ್ಣೀರ ಹಾಕಿದ್ನಿ."

ಮಾವನವರು ಗೋಡೆಗೆ ಒರಗಿ ಮೆಲ್ಲಗೆ ನೆಲಕ್ಕೆ ಕುಳಿತರು. ಅತ್ತೆ ಹಂಚಿನಿಂದ ಉಬ್ಬಿದ ರೊಟ್ಟಿ ತೆಗೆದು, ತಟ್ಟೆಗೆ ಹಾಕಿ, ಅವರ ಮುಂದಿಟ್ಟು ಎದುರಿಗೆ ಕುಳಿತರು. ನಲವತ್ತೈದು ವರ್ಷ ತಮ್ಮ ಅಡಿಗೆಯ ವಾಸನೆಯನ್ನು ಅವರ ಬಾಯಿಂದ ಕೇಳಿದ ಹೆಂಗಸು, ರೊಟ್ಟಿಯ ಹಬೆಯನ್ನು ತಾವೇ ಒಮ್ಮೆ ಎಳೆದುಕೊಂಡು ನೋಡಿದರು.

"ಹೊಸಾ ಜ್ವಾಳ ಐತ್ರಿ. ಒಂದ ಕಡೆ ಚೂರು ಕರಕ ಆಗೇತಿ, ಆ ವಾಸನಿ ಮೊದಲ ಬರತೈತಿ. ಅದರ ಹಿಂದ ಹಸೀ ಕಾಳಿಂದು, ಹಾಲುಗಾಳಿನ್ಹಂಗ."

ಮಾವನವರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಬಾಯಿಗೆ ಇಡಲಿಲ್ಲ.

"ಇನ್ನೊಮ್ಮಿ ಹೇಳು" ಎಂದರು.